ಬಿಪಿ ಎಷ್ಟು ಅಂತ ಮಾತ್ರ ಅಲ್ಲ, ಯಾವ ಕೈಯಲ್ಲಿ ಅಂತಲೂ ಬರೆಯಿರಿ

ನಾನು ಹೃದಯ ರೋಗಿಗಳ ಒಪಿಡಿಯಲ್ಲಿ ನರ್ಸ್. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಎರಡೂ ಕೈಯಲ್ಲಿ ಬಿಪಿ ನೋಡುತ್ತೇವೆ. "ಒಂದು ಕೈಯಲ್ಲಿ ನೋಡಿದ್ರಲ್ಲ ಸಿಸ್ಟರ್, ಸಾಕಲ್ವಾ?" ಅಂತ ರೋಗಿಗಳು ಕೇಳುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರಿದವರೂ ಕೇಳುತ್ತಾರೆ. ಹೊರಗೆ ಸಾಲು ಬೆಳೆಯುತ್ತಿರುತ್ತದೆ, ನಿಜ. ಆದರೂ ಈ ಒಂದು ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ.

ಎರಡು ಕೈಗಳ ನಡುವೆ ನಾಲ್ಕೈದು ಪಾಯಿಂಟ್ ಹೆಚ್ಚುಕಡಿಮೆ ಇದ್ದರೆ ತೊಂದರೆಯಿಲ್ಲ. ಮೇಲಿನ ಅಂಕಿಯಲ್ಲಿ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಗಮನ ಕೊಡಬೇಕು. 15 ದಾಟಿ, ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಕೈಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದರೆ ಆ ಕೈಯಲ್ಲಿ ಬಿಪಿ ಕಡಿಮೆ ತೋರಿಸುತ್ತದೆ. ಇದು ಎಡಗಡೆಯೇ ಜಾಸ್ತಿ. ಕೈಯ ನಾಳದಲ್ಲಿ ಹೀಗಾದವರಿಗೆ ಹೃದಯ, ಮೆದುಳು, ಕಾಲುಗಳ ನಾಳಗಳಲ್ಲೂ ಕೊಬ್ಬು ಕಟ್ಟಿರುವ ಸಾಧ್ಯತೆ ಹೆಚ್ಚು.

ಸುಮಾರು 54,000 ಜನರ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನವೊಂದು 2020ರಲ್ಲಿ ಬಂತು. ವ್ಯತ್ಯಾಸ ಒಂದೊಂದು ಪಾಯಿಂಟ್ ಏರಿದಂತೆ, ಮುಂದಿನ ಹತ್ತು ವರ್ಷಗಳಲ್ಲಿ ಎದೆನೋವು, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಬರುವ ಅಪಾಯ ಸುಮಾರು ಶೇ. 1ರಷ್ಟು ಏರುತ್ತದೆ ಅಂತ ಅದರಲ್ಲಿ ಕಂಡುಬಂತು. ತೋಳಿಗೆ ಕಟ್ಟುವ ಬಿಪಿ ಪಟ್ಟಿ, ಅಂದರೆ ಕಫ್ ಬಿಟ್ಟರೆ ಬೇರೇನೂ ಬೇಡದ ಪರೀಕ್ಷೆಯಿಂದ ಇಷ್ಟು ಗೊತ್ತಾಗುತ್ತದೆ.

ಬೈಪಾಸ್ ಆದವರ ವಿಷಯದಲ್ಲಂತೂ ನನಗೆ ಇನ್ನೂ ಜಾಸ್ತಿ ಕಾಳಜಿ. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎದೆಯ ಎಡಗಡೆಯ ಒಳನಾಳವನ್ನು ಹೃದಯಕ್ಕೆ ಜೋಡಿಸುತ್ತಾರೆ. ಅದು ಹೊರಡುವುದೇ ಎಡ ಸಬ್‌ಕ್ಲೇವಿಯನ್ ನಾಳದಿಂದ. ಅದರ ಬುಡದಲ್ಲೇ ದಾರಿ ಕಿರಿದಾದರೆ ಹೃದಯಕ್ಕೂ ರಕ್ತ ಸಾಲದು. ಎಡಗೈಗೆ ಕೆಲಸ ಕೊಟ್ಟಾಗ ಹೃದಯಕ್ಕೆ ಹೋಗಬೇಕಾದ ರಕ್ತವೇ ಹಿಂದಕ್ಕೆ ಹರಿದು ಕೈ ಸೇರುವುದೂ ಉಂಟು.

ಹೀಗೇ ಒಬ್ಬ ಹಿರಿಯರು ಬಂದಿದ್ದರು. ಬೈಪಾಸ್ ಆಗಿ ವರ್ಷಗಳಾಗಿದ್ದವು. ಎಡಗೈಯಲ್ಲಿ ಭಾರ ಎತ್ತಿದರೆ ಎದೆ ಹಿಡಿದಂತಾಗುತ್ತದೆ ಅಂದರು. ಹಳೆಯ ಚೀಟಿಗಳಲ್ಲೆಲ್ಲ ಬಿಪಿ ನಾರ್ಮಲ್. ಯಾವ ಕೈ ಅಂತ ಎಲ್ಲೂ ಬರೆದಿರಲಿಲ್ಲ. ನಾವು ನೋಡಿದಾಗ ಎಡಗೈಯಲ್ಲಿ 112, ಬಲಗೈಯಲ್ಲಿ 150. ಸ್ಕ್ಯಾನ್ ಮಾಡಿದಾಗ ಎಡಗಡೆಯ ನಾಳ ಕಿರಿದಾಗಿದ್ದು ಕಂಡಿತು. ಅಲ್ಲಿಗೆ ಸ್ಟೆಂಟ್ ಹಾಕಿದ ಮೇಲೆ ನೋವು ನಿಂತಿತು. ಅಷ್ಟು ದಿನ ಅವರ ನಿಜವಾದ ಬಿಪಿ ಜಾಸ್ತಿಯೇ ಇತ್ತು, ಅದಕ್ಕೆ ಸರಿಯಾದ ಮಾತ್ರೆ ಸಿಕ್ಕಿರಲಿಲ್ಲ. ನನಗೆ ಹೆಚ್ಚು ಬೇಸರ ತಂದಿದ್ದು ಅದೇ.

ಅಳೆಯುವಾಗ ಆತುರ ಬೇಡ. ಐದು ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಕೈ ಎದೆಯ ಮಟ್ಟದಲ್ಲಿರಲಿ, ಮಾತು ಬೇಡ. ಕೈ ಕೆಳಗೆ ಜೋತಾಡುತ್ತಿದ್ದರೆ ಅಂಕಿ ಜಾಸ್ತಿ ಬರುತ್ತದೆ. ಮೊದಲ ಸಲ ನೋಡುವಾಗ ಗಾಬರಿಯಿಂದಲೂ ಬಿಪಿ ಏರಿರುತ್ತದೆ. ಹಾಗಾಗಿ ಒಂದಾದ ಮೇಲೊಂದು ನೋಡಿದರೆ ಇಲ್ಲದ ವ್ಯತ್ಯಾಸವೂ ಕಾಣಬಹುದು. ಎರಡು ಮಿಷನ್ ಇದ್ದರೆ ಎರಡೂ ಕೈಗೆ ಒಟ್ಟಿಗೆ ಹಾಕುವುದೇ ಒಳ್ಳೆಯದು. ಇಲ್ಲದಿದ್ದರೆ ಮೊದಲಿನ ಕೈಯಲ್ಲಿ ಇನ್ನೊಮ್ಮೆ ನೋಡಿ. ಡಯಾಲಿಸಿಸ್‌ಗೆ ಅಂತ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುವ ಕೈಗೆ ಮಾತ್ರ ಕಫ್ ಕಟ್ಟಲೇಬಾರದು.

ಎದೆ ಸೀಳಿದಂಥ ನೋವು ಇದ್ದಕ್ಕಿದ್ದಂತೆ ಶುರುವಾಗಿ ಬೆನ್ನಿಗೆ ಹರಿದಿದ್ದು, ಎರಡು ಕೈಗಳ ಬಿಪಿಯಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಅದು ಬೇರೆಯೇ ವಿಷಯ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಅಂದರೆ ಮಹಾಧಮನಿಯ ಗೋಡೆ ಸೀಳಿರಬಹುದು. ಆಗ ಮತ್ತೆ ಮತ್ತೆ ಅಳೆಯುತ್ತಾ ಕೂರದೆ ಡಾಕ್ಟರನ್ನು ಕೂಗಬೇಕು.

ಉಳಿದವರಿಗೆ, ಯಾವ ಕೈಯಲ್ಲಿ ಜಾಸ್ತಿ ಬಂತೋ ಆ ಕೈಯ ಹೆಸರನ್ನು ಚೀಟಿಯ ಮೇಲೆ ದಪ್ಪಗೆ ಬರೆಯುತ್ತೇವೆ. ಇನ್ನು ಮುಂದೆ ಮನೆಯಲ್ಲೂ ಅದೇ ಕೈಯಲ್ಲಿ ನೋಡಿಕೊಳ್ಳಿ ಅಂತ ರೋಗಿಗೂ, ಜೊತೆಗೆ ಬಂದವರಿಗೂ ತೋರಿಸಿ ಕಳಿಸುತ್ತೇವೆ.