ನಂಬರ್ ಇಳಿದಿತ್ತು, ರಕ್ತದ ಓಡಾಟ ಇಳಿದಿರಲಿಲ್ಲ

ಕಣ್ಣಾಸ್ಪತ್ರೆಯ ಸ್ಕ್ಯಾನ್ ರೂಮಿನಲ್ಲಿ ನನ್ನ ಕೆಲಸ. ಕಣ್ಣಿನ ಒಳಗಿನ ರಕ್ತನಾಳಗಳ ಚಿತ್ರ ತೆಗೆಯುತ್ತೇನೆ. ಸೂಜಿ ಇಲ್ಲ, ಬಣ್ಣದ ಇಂಜೆಕ್ಷನ್ ಇಲ್ಲ, ಗಲ್ಲ ಊರಿ ಕೂತು ಒಂದು ಗುರುತನ್ನೇ ನೋಡುತ್ತಿದ್ದರೆ ಕೆಲವು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಇಷ್ಟು ಸುಲಭವಾಗಿ ಸಿಗುವ ನಂಬರನ್ನು ನಾನು ಸುಮ್ನೆ ನಂಬಿಬಿಟ್ಟಿದ್ದೆ.

ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ಕಾಯಿಲೆ, ಇದ್ದ ಒಬ್ಬ ಹಿರಿಯ ಹೆಂಗಸು ಆರು ತಿಂಗಳಿಗೊಮ್ಮೆ ಬರುತ್ತಿದ್ದರು. ಆ ಸಲ ಓಸಿಟಿ ಆಂಜಿಯೋಗ್ರಫಿ ಅನ್ನುವ ಈ ಸ್ಕ್ಯಾನ್ ಮಾಡಿದಾಗ, ಕಣ್ಣಿನ ನರದ ಸುತ್ತಲಿನ ರಕ್ತನಾಳಗಳ ಸಾಂದ್ರತೆ, ಅಂದರೆ ಚಿತ್ರದ ಎಷ್ಟು ಜಾಗದಲ್ಲಿ ನಾಳ ಕಾಣುತ್ತದೆ ಅನ್ನುವ ಲೆಕ್ಕ, ಶೇ. 47ರಿಂದ 41ಕ್ಕೆ ಇಳಿದಿತ್ತು. "ಹೇಗಿದೆಯಪ್ಪಾ?" ಅಂತ ಕೇಳಿದರು. "ಸ್ವಲ್ಪ ಕಡಿಮೆ ಆಗಿದೆ ಅಮ್ಮಾ, ಡಾಕ್ಟರ್ ನೋಡ್ತಾರೆ" ಅಂದುಬಿಟ್ಟೆ. ಅವರು ಮತ್ತೇನೂ ಕೇಳಲಿಲ್ಲ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹೊರಗೆ ಹೋಗಿ ಕೂತರು. ಆ ಮಾತು ನಾನು ಹೇಳಬಾರದಿತ್ತು.

ಡಾಕ್ಟರ್ ಮೇಡಂ ರಿಪೋರ್ಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸಿಗ್ನಲ್ ಎಷ್ಟು?" ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಅಂತ ಯಂತ್ರವೇ ಕೊಡುವ ಅಂಕ ಅದು. 10ಕ್ಕೆ 6 ಇತ್ತು. ಹಿಂದಿನ ಸಲ 9. ಅದು ರಿಪೋರ್ಟಿನ ಮೂಲೆಯಲ್ಲೇ ಇತ್ತು, ನಾನು ನೋಡಿರಲಿಲ್ಲ.

ಈ ಸ್ಕ್ಯಾನ್ ರಕ್ತವನ್ನು ಅಳತೆಪಾತ್ರೆಯಲ್ಲಿ ಅಳೆದ ಹಾಗೆ ಅಳೆಯುವುದಿಲ್ಲ. ಒಂದೇ ಜಾಗವನ್ನು ಬೆಳಕು ಹಾಯಿಸಿ ಕೆಲವೇ ಮಿಲಿಸೆಕೆಂಡ್ ಅಂತರದಲ್ಲಿ ಮತ್ತೆ ಮತ್ತೆ ನೋಡುತ್ತದೆ. ಸುತ್ತಲಿನ ಪದರ ಅಲ್ಲಾಡುವುದಿಲ್ಲ, ರಕ್ತಕಣ ಓಡುತ್ತಿರುತ್ತದೆ. ಹಾಗಾಗಿ ಎರಡು ನೋಟದ ನಡುವೆ ಎಲ್ಲಿ ಬದಲಾಗಿದೆಯೋ ಅಲ್ಲಿ ರಕ್ತನಾಳ ಇದೆ ಅಂತ ಗುರುತು ಹಾಕುತ್ತದೆ. ರಕ್ತ ಎಷ್ಟು ವೇಗವಾಗಿ ಓಡುತ್ತಿದೆ, ನಿಮಿಷಕ್ಕೆ ಎಷ್ಟು ಹೋಗುತ್ತಿದೆ ಅನ್ನುವುದು ಆ ಶೇಕಡಾದಲ್ಲಿ ಇಲ್ಲ. ಇನ್ನು ಒಳಗೆ ಹೋಗುವ ಬೆಳಕೇ ಮಂಕಾದರೆ ಮೊದಲು ಮಾಯವಾಗುವುದು ಸಣ್ಣ ಸಣ್ಣ ನಾಳಗಳು. ನಾಳ ಅಲ್ಲೇ ಇರುತ್ತದೆ, ರಕ್ತವೂ ಓಡುತ್ತಿರುತ್ತದೆ, ಯಂತ್ರಕ್ಕೆ ಮಾತ್ರ ಕಾಣುವುದಿಲ್ಲ.

ಆ ಅಮ್ಮನಿಗೆ ಕಣ್ಣು ಒಣಗಿತ್ತು, ಅಷ್ಟೇ. ಕಣ್ಣೀರಿನ ಪದರ ಒಡೆದಿದ್ದರೆ ಬೆಳಕು ಚೆದುರುತ್ತದೆ. ಮತ್ತೆ ಒಳಗೆ ಕರೆದು ತೇವದ ಡ್ರಾಪ್ಸ್ ಹಾಕಿ, ನಾಲ್ಕೈದು ಸಲ ರೆಪ್ಪೆ ಬಡಿಯಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದೆ. ಸಿಗ್ನಲ್ 9, ಸಾಂದ್ರತೆ 46.

ಆಮೇಲೆ ಬೇರೆ ವಿಧಾನಗಳ ಬಗ್ಗೆಯೂ ಓದಿದೆ. 1972ರಲ್ಲೇ ವಿಜ್ಞಾನಿ ಚಾರ್ಲ್ಸ್ ರೀವಾ ಮತ್ತು ಸಂಗಡಿಗರು ಲೇಸರ್ ಡಾಪ್ಲರ್ (ಓಡುವ ರಕ್ತಕಣಕ್ಕೆ ತಾಗಿ ಬರುವ ಬೆಳಕಿನ ಬದಲಾವಣೆಯಿಂದ ವೇಗ ಲೆಕ್ಕ ಹಾಕುವ ವಿಧಾನ) ಬಳಸಿ ಮೊಲದ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂದಿನ ಪರದೆಯಲ್ಲಿ, ರಕ್ತದ ವೇಗ ಅಳೆದಿದ್ದರು, 1974ಕ್ಕೆ ಮನುಷ್ಯರ ಕಣ್ಣಿನಲ್ಲೂ ಆಯಿತು. ಡಾಪ್ಲರ್ ವೇಗವನ್ನೇ ಹೇಳುತ್ತದೆ, ಆದರೆ ಅದಕ್ಕೆ ಕೋನದ ತೊಡಕು. ರೆಟಿನಾದ ನಾಳಗಳು ಬೆಳಕಿಗೆ ಹೆಚ್ಚುಕಡಿಮೆ ಅಡ್ಡವಾಗಿ ಮಲಗಿರುತ್ತವೆ, ಪೂರ್ತಿ ಅಡ್ಡವಾದರೆ ಡಾಪ್ಲರಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಎರಡು ದಿಕ್ಕಿನಿಂದ ನೋಡಿ ಲೆಕ್ಕ ಹಾಕುವ ಉಪಾಯ ಬಂತು. ಲೇಸರ್ ಸ್ಪೆಕಲ್ ವಿಧಾನದಲ್ಲಿ ಬೆಳಕಿನ ಕಾಳುಕಾಳು ಚಿತ್ರ ಎಷ್ಟು ಬೇಗ ಮಸುಕಾಗುತ್ತದೆ ಅಂತ ನೋಡುತ್ತಾರೆ. ಒಂದರ ನಂಬರನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಲು ಆಗುವುದೇ ಇಲ್ಲ.

ಈ ನಂಬರುಗಳಲ್ಲಿ ಆ ಹೊತ್ತಿನ ಮನುಷ್ಯನ ಸ್ಥಿತಿಯೂ ಸೇರುತ್ತದೆ, ಇದನ್ನು ನಾವು ಜಾಸ್ತಿ ಮರೆಯುತ್ತೇವೆ. ಕೂತಿರುವಾಗ ಕಣ್ಣಿಗೆ ರಕ್ತ ನೂಕುವ ಒತ್ತಡ ಅಂದರೆ, ಸರಾಸರಿ ಬಿಪಿಯ ಮೂರರಲ್ಲಿ ಎರಡು ಪಾಲಿನಿಂದ ಕಣ್ಣಿನ ಒತ್ತಡ ಕಳೆದರೆ ಉಳಿಯುವುದು. ಬಿಪಿ ಬರೆದಿಡದೆ ರಕ್ತದ ಹರಿವಿನ ಬಗ್ಗೆ ಮಾತಾಡುವುದು ಹೇಗೆ? ಕೆಫೀನ್ ರೆಟಿನಾದ ನಾಳಗಳನ್ನು ಬಿಗಿ ಮಾಡುತ್ತದೆ, ಶುದ್ಧ ಆಮ್ಲಜನಕ ಉಸಿರಾಡಿದರೂ ಅವು ಕುಗ್ಗುತ್ತವೆ.

ಈಗ ಪ್ರತಿ ಸ್ಕ್ಯಾನಿನ ಜೊತೆ ಸಿಗ್ನಲ್, ಬಿಪಿ, ಕಣ್ಣಿನ ಒತ್ತಡ, ಹೊತ್ತು ಎಲ್ಲ ಬರೆಯುತ್ತೇನೆ. ಕಾಫಿ ಕುಡಿದು ಎಷ್ಟು ಹೊತ್ತಾಯಿತು ಅಂತಲೂ ಕೇಳುತ್ತೇನೆ. ಸಿಗ್ನಲ್ ಹಿಂದಿನ ಸಲಕ್ಕಿಂತ ಕಡಿಮೆ ಬಂದರೆ ಎರಡನೇ ಸಲ ತೆಗೆಯದೆ ರಿಪೋರ್ಟ್ ಕಳಿಸುವುದಿಲ್ಲ, ಹೊರಗೆ ಎಷ್ಟೇ ಜನ ಕಾಯುತ್ತಿದ್ದರೂ. ಸ್ಕ್ಯಾನ್ ರೂಮಿನಲ್ಲಿ ಫಲಿತಾಂಶ ಹೇಳುವುದನ್ನು ಬಿಟ್ಟಿದ್ದೇನೆ.

ಆ ಅಮ್ಮ ಮುಂದಿನ ಸಲ ಬಂದಾಗ ಗಲ್ಲ ಊರುವ ಮೊದಲೇ ಕೇಳಿದರು: "ಡ್ರಾಪ್ಸ್ ಹಾಕಲ್ವಾ ಮಗಾ?"