ನಿಮಗೆ ಜಾಸ್ತಿ ಇಷ್ಟವಾದ ಪತ್ತೇದಾರಿ ಕಥೆ ಯಾವುದು?

ಪತ್ತೇದಾರಿ ಕಥೆಗಳ ಹುಚ್ಚು ನನಗಿದೆ ಅಂತ ಗೊತ್ತಾದವರೆಲ್ಲ ಇದನ್ನು ಕೇಳುತ್ತಾರೆ. ನಾನು ಪ್ರತಿ ಸಲವೂ ಒಂದು ಏಣಿಯ ಕಥೆ ಹೇಳುತ್ತೇನೆ. ನಿಜವಾಗಿ ನಡೆದದ್ದು.

1932ರ ಮಾರ್ಚ್ 1ರ ರಾತ್ರಿ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹೋಪ್‌ವೆಲ್ ಎಂಬ ಸಣ್ಣ ಊರು. ಅದರ ಹತ್ತಿರದ ಮನೆಯೊಂದರ ಮಹಡಿಯಿಂದ 20 ತಿಂಗಳ ಮಗುವನ್ನು ಯಾರೋ ಎತ್ತಿಕೊಂಡು ಹೋದರು. ಒಬ್ಬನೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್‌ನ ಮಗು ಅದು. ಕೋಣೆಯಲ್ಲಿ 50,000 ಡಾಲರ್ ಕೇಳಿದ ಚೀಟಿ. ಹೊರಗೆ ಮುರಿದ ಮರದ ಏಣಿ. ದುಡ್ಡು ಕೊಟ್ಟರೂ ಮಗು ಬರಲಿಲ್ಲ. ಮೇ 12ರಂದು ಕೆಲವೇ ಮೈಲಿ ದೂರದಲ್ಲಿ ಶವ ಸಿಕ್ಕಿತು. ಈ ಭಾಗ ಹೇಳುವಾಗ ಇವತ್ತಿಗೂ ಹೊಟ್ಟೆ ಕಿವುಚಿದಂತಾಗುತ್ತದೆ.

ಆಮೇಲೆ ಬಂದವನು ಆರ್ಥರ್ ಕೋಹ್ಲರ್. ಪೊಲೀಸ್ ಅಲ್ಲ, ವಿಸ್ಕಾನ್ಸಿನ್‌ನ ಸರ್ಕಾರಿ ಪ್ರಯೋಗಾಲಯದ ಮರತಜ್ಞ. ಏಣಿಯನ್ನು ಬಿಚ್ಚಿ, ಒಂದೊಂದೇ ತುಂಡು ನೋಡಿದ. ಮಿಲ್ಲಿನಲ್ಲಿ ಹಲಗೆ ನಯ ಮಾಡುವ ಯಂತ್ರದ ಬ್ಲೇಡು ಸ್ವಲ್ಪ ಮುಕ್ಕಾಗಿದ್ದರೂ ಅದರ ಗೀರು ಮರದ ಮೇಲೆ ಸಮ ಅಂತರದಲ್ಲಿ ಮತ್ತೆ ಮತ್ತೆ ಬೀಳುತ್ತದೆ. ಆ ಗೀರುಗಳಿಂದಲೇ ಯಂತ್ರಕ್ಕೆ ಎಷ್ಟು ಬ್ಲೇಡುಗಳಿದ್ದವು ಅಂತ ಲೆಕ್ಕ ಹಾಕಿದ! 1,500ಕ್ಕೂ ಹೆಚ್ಚು ಮಿಲ್ಲುಗಳಿಗೆ ಪತ್ರ ಹೋಯಿತು. ಜಾಡು ಸೌತ್ ಕೆರೊಲಿನಾದ ಮಿಲ್ಲೊಂದಕ್ಕೆ ಮುಟ್ಟಿತು. ಅಲ್ಲಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಟಿಂಬರ್ ಡಿಪೋಗೆ. ಅಲ್ಲಿ ಯಾರು ಮರ ಕೊಂಡರು ಎಂಬ ಲೆಕ್ಕವೇ ಇರಲಿಲ್ಲ. ಇಷ್ಟು ದಿನದ ದುಡಿಮೆ ಅಲ್ಲಿಗೇ ನಿಂತಿತು.

1934ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್ ಬಂಕಿನ ಕೆಲಸಗಾರನೊಬ್ಬ ಅನುಮಾನದಿಂದ ನೋಟಿನ ಮೇಲೆ ಕಾರಿನ ನಂಬರ್ ಬರೆದಿಟ್ಟ. ಅದು ಮಗುವಿಗಾಗಿ ಕೊಟ್ಟ ದುಡ್ಡಿನ ನೋಟು. ಸಿಕ್ಕಿಬಿದ್ದವನು ಬ್ರೂನೊ ಹಾಪ್ಟ್‌ಮನ್. ಬಡಗಿ, ಬ್ರಾಂಕ್ಸ್‌ನವನು.

ಅವನ ಮನೆಯ ಅಟ್ಟದಲ್ಲಿ ನೆಲದ ಹಲಗೆಯೊಂದನ್ನು ಕತ್ತರಿಸಿ ತೆಗೆದಿದ್ದರು. ಏಣಿಯ ಒಂದು ಪಕ್ಕದ ಮರವನ್ನು ಅಲ್ಲಿಟ್ಟು ನೋಡಿದರೆ, ನಾಲ್ಕು ಮೊಳೆ ತೂತುಗಳೂ ಕೆಳಗಿನ ತೊಲೆಯ ತೂತುಗಳಿಗೆ ಸರಿಯಾಗಿ ಕೂತವು. ಅಟ್ಟದಲ್ಲಿ ಉಳಿದ ಹಲಗೆಯ ವಾರ್ಷಿಕ ಉಂಗುರಗಳೂ, ಅಂದರೆ ಮರ ವರ್ಷ ವರ್ಷ ಬೆಳೆದಾಗ ಮೂಡುವ ಗೆರೆಗಳೂ, ಏಣಿಯ ಮರದ ಗೆರೆಗಳಿಗೆ ಹೊಂದಿದವು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1936ರಲ್ಲಿ ಅವನಿಗೆ ಮರಣದಂಡನೆಯಾಯಿತು. ಕೊನೆವರೆಗೂ ತಾನು ತಪ್ಪು ಮಾಡಿಲ್ಲ ಅಂದ. ಹಲಗೆಯನ್ನು ಪೊಲೀಸರೇ ತಂದಿಟ್ಟರು ಅನ್ನುವವರೂ ಇದ್ದಾರೆ. ನನಗೆ ಮರದ ಸಾಕ್ಷಿ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಆ ರಾತ್ರಿ ಏಣಿ ಹತ್ತಿದವನು ಒಬ್ಬನೇ ಬಂದಿದ್ದನಾ, ಕೆಳಗೆ ಇನ್ನೊಬ್ಬ ನಿಂತಿದ್ದನಾ? ಅದನ್ನು ಆ ಏಣಿ ಹೇಳುವುದಿಲ್ಲ.