ಎರಡು ಪುಟ್ಟ ಆವರಣ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಇವತ್ತು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಒಂದು ಪಟ್ಟಿಯನ್ನು ನಾವು ಕೊಟ್ಟ ಫಂಕ್ಷನ್ ಬಳಸಿ ಒಂದೇ ಉತ್ತರಕ್ಕೆ ಇಳಿಸುವ ರೆಡ್ಯೂಸ್ ಫಂಕ್ಷನ್‌ಗೆ ನೇರವಾಗಿ + ಕೊಟ್ಟಳು. ಬರೆದ ರೀತಿಯೇ ತಪ್ಪು ಅಂತ ಸಿಂಟ್ಯಾಕ್ಸ್ ಎರರ್ ಬಂತು.

"ಯಾಕೆ ಸರ್? ಪ್ಲಸ್ ಎರಡು ಸಂಖ್ಯೆ ತಗೊಂಡು ಒಂದು ಕೊಡುತ್ತೆ. ಫಂಕ್ಷನ್ ಮಾಡೋದೂ ಅದನ್ನೇ ಅಲ್ವಾ?"

ಎಷ್ಟು ಒಳ್ಳೆಯ ಪ್ರಶ್ನೆ!

ಪೈಥಾನ್‌ನಲ್ಲಿ ಇಷ್ಟಕ್ಕೇ ಆಪರೇಟರ್ ಮಾಡ್ಯೂಲ್‌ನಿಂದ ಆಡ್ ಅನ್ನೋ ಕೂಡಿಸುವ ಫಂಕ್ಷನ್ ತರಬೇಕು. ಇಲ್ಲಾಂದ್ರೆ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್ ಬರೆಯಬೇಕು. ಸ್ವಿಫ್ಟ್ ಭಾಷೆಯಲ್ಲಿ ಸುಮ್ನೆ + ಕೊಟ್ಟರೆ ಸಾಕು. ಹ್ಯಾಸ್ಕೆಲ್ ಭಾಷೆ ಇನ್ನೂ ಚೆಂದ. (+) ಅಂತ ಆವರಣ ಹಾಕಿದರೆ ಆಯಿತು, ಅದೇ ಫಂಕ್ಷನ್. (+ 1) ಅಂದರೆ ಕೊಟ್ಟದ್ದಕ್ಕೆ ಒಂದು ಕೂಡಿಸುವ ಫಂಕ್ಷನ್. ಹೆಸರಿಲ್ಲ, ಗಲಾಟೆಯಿಲ್ಲ. ಓದಿದ ತಕ್ಷಣ ಅರ್ಥ ಆಗುತ್ತದೆ.

ಇದು ಪೈಥಾನ್‌ಗೂ ಬರಬೇಕು ಅಂತ ನನಗೆ ನಿಜವಾಗಿಯೂ ಆಸೆ. ಹೊಸ ಆಪರೇಟರ್ (+ ಥರದ ಚಿಹ್ನೆ) ಸೇರಿಸುವುದು ಅದಕ್ಕೆ ಹೊಸದಲ್ಲ. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ @ ಬಂದದ್ದು 2015ರಲ್ಲಿ, 3.5ನೇ ಆವೃತ್ತಿಯಲ್ಲಿ.

ಆದರೆ ಮೈನಸ್ ಇದೆಯಲ್ಲ, ಅದು ಕಷ್ಟ. ಹ್ಯಾಸ್ಕೆಲ್‌ನಲ್ಲೂ (- 1) ಅಂದರೆ ಒಂದು ಕಳೆಯುವ ಫಂಕ್ಷನ್ ಅಲ್ಲ, ಬರೀ ಮೈನಸ್ ಒಂದು. ಕಳೆಯಬೇಕಾದರೆ ಸಬ್‌ಟ್ರಾಕ್ಟ್ ಅಂತ ಬೇರೆ ಹೆಸರು ಹಿಡಿಯಬೇಕು. ಒಂದೇ ಚಿಹ್ನೆಗೆ ಎರಡು ಕೆಲಸ ಕೊಟ್ಟಿದ್ದರ ಫಲ ಇದು.

ನನ್ನ ಪ್ರಕಾರ (-) ಯಾವಾಗಲೂ ಕಳೆಯುವುದೇ ಆಗಿರಲಿ. ಚಿಹ್ನೆ ತಿರುಗಿಸಲು ಪೈಥಾನ್‌ನಲ್ಲಿ ನೆಗ್ ಅಂತ ಫಂಕ್ಷನ್ ಹೇಗೂ ಇದೆ.

ಕೋಡ್ ಬರೆಯುವ ಗೆಳೆಯರೇ, ನೀವೇನಂತೀರಿ?